ಎಂಟರ್ ಒತ್ತುವವರೆಗೆ ಕಾಯುವ ಅಕ್ಷರ

ಬಸವನಗುಡಿಯ ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯಲ್ಲಿ ಒಂದು ಹಳೆಯ ಮನೆ ಇದೆ ಎಂದುಕೊಳ್ಳಿ. ಅಟ್ಟದ ಮೇಲಿನ ಟ್ರಂಕಿನಲ್ಲಿ ಚಿಕ್ಕಪ್ಪನ ಇಂಜಿನಿಯರಿಂಗ್ ದಿನಗಳ ಲ್ಯಾಬ್ ರೆಕಾರ್ಡು. ಕಂದು ಕಾಗದದ ಹೊದಿಕೆ, ಮೂಲೆಯಲ್ಲಿ 1996 ಎಂಬ ಇಸವಿ, ಪ್ರತಿ ಪುಟದ ಕೆಳಗೆ ಮೇಷ್ಟರ ಕೆಂಪು ಶಾಯಿಯ ಸಹಿ. ಈಗ ಅದೇ ಮನೆಯ ಹುಡುಗಿ ಮೊದಲನೆಯ ವರ್ಷದ ಇಂಜಿನಿಯರಿಂಗ್ ಸೇರಿದ್ದಾಳೆ. ಸಿ ಭಾಷೆಯ ಪ್ರಯೋಗ ಪರೀಕ್ಷೆಗೆ ವಾರ ಉಳಿದಿದೆ. ಚಿಕ್ಕಪ್ಪ ರೆಕಾರ್ಡನ್ನು ಧೂಳು ಕೊಡವಿ ಕೊಡುತ್ತಾನೆ. ‘ಇದರಲ್ಲಿ ಎಲ್ಲ ಇದೆ, ನನಗೆ ಇದರಲ್ಲೇ ಪೂರ್ತಿ ಮಾರ್ಕ್ಸ್ ಬಂದಿತ್ತು’ ಎನ್ನುತ್ತಾನೆ.

ಹುಡುಗಿ ಒಂದು ಪ್ರೋಗ್ರಾಮನ್ನು ಅಕ್ಷರವೂ ಬಿಡದೆ ಲಿನಕ್ಸ್ ಇರುವ ಕಂಪ್ಯೂಟರಿಗೆ ಟೈಪು ಮಾಡುತ್ತಾಳೆ. ಎರಡನೆಯ ಸಾಲಿನಲ್ಲೇ ತಕರಾರು: ‘ಕೊನಿಯೊ ಡಾಟ್ ಎಚ್’ ಎಂಬ ಕಡತವೇ ಇಲ್ಲ. ಆ ಸಾಲನ್ನು ಅಳಿಸುತ್ತಾಳೆ. ಈಗ ‘ಗೆಟ್‌ಚ್’ ಎಂಬುದು ಯಾರೆಂದು ತಿಳಿಯದು ಎಂಬ ದೂರು. ಅದರ ಬದಲು ‘ಗೆಟ್‌ಚಾರ್’ ಎಂದು ಬರೆಯುತ್ತಾಳೆ. ಪ್ರೋಗ್ರಾಮು ಓಡುತ್ತದೆ, ಆದರೆ ದೆವ್ವ ಹಿಡಿದಂತೆ ಆಡುತ್ತದೆ. ಕೀಲಿ ಒತ್ತಿದರೆ ಏನೂ ಆಗುವುದಿಲ್ಲ. ಎಂಟರ್ ಒತ್ತಿದರೆ ಒಮ್ಮೆಲೆ ಎಲ್ಲವೂ ಆಗುತ್ತದೆ. ಒಂದು ಪ್ರಶ್ನೆಯನ್ನು ಅದು ಕೇಳಿ, ಉತ್ತರಕ್ಕೂ ಕಾಯದೆ ಮುಂದಕ್ಕೆ ಹಾರುತ್ತದೆ. ಪಾಸ್‌ವರ್ಡ್ ಓದುವ ಭಾಗವಂತೂ ಮುಗಿಯುವುದೇ ಇಲ್ಲ. ರಾತ್ರಿ ಹನ್ನೊಂದು ಗಂಟೆಗೆ ಹುಡುಗಿ ಒಂದು ತೀರ್ಮಾನಕ್ಕೆ ಬರುತ್ತಾಳೆ: ‘ಸಿ ನನ್ನ ತಲೆಗೆ ಹತ್ತುವುದಲ್ಲ.’

ಇಂಥ ತೀರ್ಮಾನಕ್ಕೆ ಬಂದ ಮಕ್ಕಳು ಬಸವನಗುಡಿಯಲ್ಲಿ ಮಾತ್ರವಲ್ಲ, ಮಲ್ಲೇಶ್ವರದಲ್ಲೂ ಚಾಮರಾಜಪೇಟೆಯಲ್ಲೂ ಇದ್ದಾರೆ. ತಪ್ಪು ಅವರದಲ್ಲ, ಚಿಕ್ಕಪ್ಪನದೂ ಅಲ್ಲ. ಚಿಕ್ಕಪ್ಪ ಕಲಿತದ್ದು ಸಿ ಭಾಷೆಯನ್ನು ಮತ್ತು ಒಂದು ಕಂಪನಿಯ ಅನುಕೂಲಗಳನ್ನು, ಎರಡನ್ನೂ ಒಟ್ಟಿಗೆ. ಯಾವುದು ಭಾಷೆ, ಯಾವುದು ಅನುಕೂಲ ಎಂದು ಅವನಿಗೆ ಯಾರೂ ಬೇರೆ ಮಾಡಿ ತೋರಿಸಿರಲಿಲ್ಲ.

ನೀಲಿ ಪರದೆಯ ಕಾಲ

ಸಿ ಭಾಷೆ ಹುಟ್ಟಿದ್ದು 1972ರ ಸುಮಾರಿಗೆ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ರೂಪಿಸಿದವನು ಡೆನಿಸ್ ರಿಚಿ. ಆತ ಬ್ರಯಾನ್ ಕರ್ನಿಹಾನ್ ಜೊತೆ ಸೇರಿ ಬರೆದ ಪುಸ್ತಕ 1978ರಲ್ಲಿ ಬಂತು. ಅಮೆರಿಕದ ಮಾನಕ ಸಂಸ್ಥೆ 1989ರಲ್ಲಿ ಭಾಷೆಗೆ ಅಧಿಕೃತ ವ್ಯಾಕರಣ ಕೊಟ್ಟಿತು. ಮರುವರ್ಷ ಅದೇ ಅಂತರರಾಷ್ಟ್ರೀಯ ಮಾನಕವಾಯಿತು.

ನಮ್ಮ ಊರಿನ ವಿದ್ಯಾರ್ಥಿಗಳಿಗೆ ಸಿ ಪರಿಚಯವಾದದ್ದು ಬಹುಮಟ್ಟಿಗೆ ಇನ್ನೊಂದು ಬಾಗಿಲಿನಿಂದ. ಬೋರ್ಲ್ಯಾಂಡ್ ಕಂಪನಿ 1987ರಲ್ಲಿ ಟರ್ಬೊ ಸಿ ಎಂಬ ತಂತ್ರಾಂಶವನ್ನು ಹೊರತಂದಿತು. ಡಾಸ್ ಇರುವ ಸಾಧಾರಣ ಪಿಸಿಯಲ್ಲೂ ಅದು ಓಡುತ್ತಿತ್ತು. ಬರೆಯುವುದು, ಅನುವಾದಿಸುವುದು, ತಪ್ಪು ಹುಡುಕುವುದು ಎಲ್ಲವೂ ಒಂದೇ ನೀಲಿ ಪರದೆಯಲ್ಲಿ. ಕಾಲೇಜುಗಳ ಲ್ಯಾಬುಗಳಲ್ಲೂ ಬೀದಿಬೀದಿಯ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲೂ ಅದು ಬಹಳ ವರ್ಷ ರಾಜ್ಯವಾಳಿತು. ಅವೆನ್ಯೂ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಪುಸ್ತಕ ಕೊಂಡವರಿಗೆ ಗೊತ್ತಿರುತ್ತದೆ, ಹಿಂದಿನ ಯಜಮಾನ ಪೆನ್ಸಿಲಿನಲ್ಲಿ ಅಂಚಿಗೆ ಬರೆದಿಟ್ಟ ಮೊದಲ ಟಿಪ್ಪಣಿಯೇ ‘ಕೊನೆಯಲ್ಲಿ ಗೆಟ್‌ಚ್ ಹಾಕುವುದನ್ನು ಮರೆಯಬೇಡ’ ಎಂಬಂಥದು.

ಏಕೆ ಮರೆಯಬಾರದು? ಟರ್ಬೊ ಸಿಯಲ್ಲಿ ಪ್ರೋಗ್ರಾಮು ಮುಗಿದ ಕ್ಷಣ ಉತ್ತರದ ಪರದೆ ಮಾಯವಾಗಿ ನೀಲಿ ಪರದೆ ಮರಳುತ್ತಿತ್ತು. ಉತ್ತರ ನೋಡಬೇಕಾದರೆ ಆಲ್ಟ್ ಮತ್ತು ಎಫ್5 ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಅದರ ಬದಲು ಕೊನೆಯ ಸಾಲಿನಲ್ಲಿ ‘ಗೆಟ್‌ಚ್’ ಇಟ್ಟರೆ ಯಾವುದಾದರೂ ಕೀಲಿ ಒತ್ತುವವರೆಗೆ ಉತ್ತರ ನಿಂತಿರುತ್ತದೆ. ಹಿಂದಿನ ಬಾರಿಯ ಉತ್ತರ ಪರದೆಯಲ್ಲಿ ಉಳಿದಿರುತ್ತಿದ್ದುದರಿಂದ ಮೊದಲ ಸಾಲಿನಲ್ಲಿ ಪರದೆ ಒರೆಸುವ ಆಜ್ಞೆ. ಹೀಗೆ ಪ್ರತಿ ಪ್ರೋಗ್ರಾಮಿಗೂ ಮೊದಲು ಸಂಕಲ್ಪ, ಕೊನೆಗೆ ಮಂಗಳಾರತಿ. ಕ್ರಮೇಣ ಈ ಎರಡೂ ಸಾಲುಗಳು ಸಿ ಭಾಷೆಯ ಅಂಗವೇ ಎಂಬ ಭಾವನೆ ಬೆಳೆಯಿತು.

ಆದರೆ ‘ಕೊನಿಯೊ ಡಾಟ್ ಎಚ್’ ಮಾನಕ ಸಿಯಲ್ಲಿ ಎಂದೂ ಇರಲಿಲ್ಲ. ಅದು ಡಾಸ್ ಪ್ರಪಂಚದ ಅನುವಾದಕಗಳು ತಮ್ಮ ಗಿರಾಕಿಗಳಿಗೆ ಕೊಟ್ಟ ಕೊಸರು. ಸ್ವಾರಸ್ಯವೆಂದರೆ ‘ಗೆಟ್‌ಚ್’ ಎಂಬ ಹೆಸರು ಕರ್ನಿಹಾನ್ ಮತ್ತು ರಿಚಿಯ ಪುಸ್ತಕದಲ್ಲೂ ಇದೆ. ಅಲ್ಲಿ ಅದು ಲೆಕ್ಕ ಮಾಡುವ ಒಂದು ಉದಾಹರಣೆಗೆಂದು ಲೇಖಕರೇ ಬರೆದುಕೊಂಡ ಸಣ್ಣ ಫಂಕ್ಷನ್. ಓದಿದ ಅಕ್ಷರವನ್ನು ಮರಳಿ ಇಡಲು ಅದಕ್ಕೊಂದು ಜೊತೆಗಾರನೂ ಇದ್ದಾನೆ. ಯುನಿಕ್ಸ್ ಪ್ರಪಂಚದ ‘ಕರ್ಸಸ್’ ಎಂಬ ಸಂಗ್ರಹದಲ್ಲಿ ಮೂರನೆಯ ‘ಗೆಟ್‌ಚ್’ ಇದೆ. ಅದು ತನ್ನ ಪರದೆಯನ್ನು ಮೊದಲು ಸಜ್ಜುಗೊಳಿಸದೆ ಹೋದರೆ ಕೆಲಸ ಮಾಡುವುದಿಲ್ಲ. ಒಂದೇ ಹೆಸರಿನ ಮೂವರು, ಮೂವರ ಗೋತ್ರವೂ ಬೇರೆ.

ದೋಸೆ ತಟ್ಟೆಗಳ ಲೆಕ್ಕ

ಮಾನಕ ಸಿಯಲ್ಲಿ ಇರುವುದು ‘ಗೆಟ್‌ಚಾರ್’. ಅದೂ ಒಂದು ಅಕ್ಷರವನ್ನೇ ತಂದುಕೊಡುತ್ತದೆ. ಹಾಗಿದ್ದರೆ ಎಂಟರ್ ಒತ್ತುವವರೆಗೆ ಏಕೆ ಕಾಯುತ್ತದೆ?

ಇದಕ್ಕೆ ಉತ್ತರ ಹುಡುಗಿಯ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದೆ. 1943ರಿಂದ ಗಾಂಧಿ ಬಜಾರಿನಲ್ಲಿರುವ ವಿದ್ಯಾರ್ಥಿ ಭವನದಲ್ಲಿ ಸಪ್ಲೈಯರುಗಳು ದೋಸೆ ತರುವ ಬಗೆಯನ್ನು ನೋಡಿದವರು ಮರೆಯಲಾರರು. ಕಾವಲಿಯಿಂದ ಒಂದೊಂದೇ ದೋಸೆ ಎದ್ದಾಗ ಒಂದೊಂದನ್ನೇ ಹೊತ್ತು ಓಡಿ ಬರುವುದಿಲ್ಲ. ತಟ್ಟೆಯ ಮೇಲೆ ತಟ್ಟೆ ಪೇರಿಸಿ, ತೋಳಿನುದ್ದಕ್ಕೂ ಜೋಡಿಸಿ, ಒಂದೇ ಸಲ ಹೊರಟು ಬಂದು ಮೇಜುಮೇಜಿಗೆ ಹಂಚುತ್ತಾರೆ. ಗಿರಾಕಿಗೆ ಸಿಗುವುದು ಒಂದೊಂದೇ ತಟ್ಟೆ. ಆದರೆ ಅಡಿಗೆಮನೆಯಿಂದ ಹೊರಟದ್ದು ಒಂದು ಇಡೀ ಸಾಲು.

ಕೀಲಿಮಣೆಯ ಕತೆಯೂ ಹೀಗೆಯೇ. ನೀವು ಒತ್ತಿದ ಕೀಲಿಗಳನ್ನು ಕಾರ್ಯಾಚರಣ ವ್ಯವಸ್ಥೆ ಒಂದು ಕಡೆ ಪೇರಿಸುತ್ತದೆ. ತಪ್ಪು ಒತ್ತಿದರೆ ಬ್ಯಾಕ್‌ಸ್ಪೇಸಿನಿಂದ ತೆಗೆಯಬಹುದು. ಅಳಿಸುವ ಆ ಕೆಲಸವನ್ನೂ ವ್ಯವಸ್ಥೆಯೇ ಮಾಡುತ್ತದೆ, ಪ್ರೋಗ್ರಾಮಿಗೆ ಸುದ್ದಿಯೇ ಇಲ್ಲ. ಎಂಟರ್ ಒತ್ತಿದಾಗ ‘ಸಾಲು ಸಿದ್ಧ’ ಎಂದು ತಿಳಿದು ಎಲ್ಲವೂ ಒಟ್ಟಿಗೆ ಹೊರಡುತ್ತದೆ. ಆಮೇಲೆ ‘ಗೆಟ್‌ಚಾರ್’ ಒಂದೊಂದಾಗಿ ತಟ್ಟೆ ಇಳಿಸುತ್ತದೆ. ಡಾಸ್‌ನ ‘ಗೆಟ್‌ಚ್’ ಮಾಡುತ್ತಿದ್ದುದು ಅಡಿಗೆಮನೆಗೇ ನುಗ್ಗಿ ಕಾವಲಿಯ ಮೇಲಿನ ದೋಸೆಗೆ ಕೈಹಾಕುವುದನ್ನು. ಬೇಗ ಸಿಗುತ್ತದೆ, ನಿಜ. ಆದರೆ ಎಲ್ಲ ಹೋಟೆಲಿನಲ್ಲೂ ಅಡಿಗೆಮನೆಗೆ ಪ್ರವೇಶವಿಲ್ಲ.

ಸಿ ಭಾಷೆಯ ಮಾನಕದಲ್ಲಿ ‘ಒಂದು ಕೀಲಿಯನ್ನು ಒತ್ತಿದ ಕೂಡಲೇ ಕೊಡು’ ಎನ್ನುವ ಆಜ್ಞೆಯೇ ಇಲ್ಲ. ಮರೆತು ಬಿಟ್ಟದ್ದಲ್ಲ. ಪ್ರೋಗ್ರಾಮಿಗೆ ಅಕ್ಷರಗಳು ಕೀಲಿಮಣೆಯಿಂದಲೇ ಬರಬೇಕೆಂಬ ನಿಯಮವಿಲ್ಲ. ಡಿಸ್ಕಿನ ಕಡತದಿಂದ ಬರಬಹುದು, ಇನ್ನೊಂದು ಪ್ರೋಗ್ರಾಮಿನ ಬಾಯಿಂದ ಬರಬಹುದು, ತಂತಿಯ ಆಚೆ ತುದಿಯಿಂದ ಬರಬಹುದು. ಕೀಲಿಮಣೆಯೇ ಇಲ್ಲದ ಯಂತ್ರವೂ ಇರಬಹುದು. ಅದಕ್ಕೇ ಮಾನಕ ‘ಹರಿವು’ ಎಂಬ ಒಂದೇ ಕಲ್ಪನೆಯನ್ನು ಇಟ್ಟುಕೊಂಡಿದೆ. ನೀರು ತಿಪ್ಪಗೊಂಡನಹಳ್ಳಿಯಿಂದ ಬಂದರೇನು, ಕಾವೇರಿಯಿಂದ ಬಂದರೇನು, ನಲ್ಲಿ ತಿರುಗಿಸುವವನಿಗೆ ನೀರು ನೀರೇ.

ಉಳಿದುಹೋದ ಎಂಟರ್

ಇನ್ನು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯದೆ ಹಾರುವ ಪ್ರೋಗ್ರಾಮು. ಅದು ಮೊದಲು ‘ವಯಸ್ಸು ಎಷ್ಟು?’ ಎಂದು ಕೇಳುತ್ತದೆ. ಹುಡುಗಿ 18 ಎಂದು ಒತ್ತಿ ಎಂಟರ್ ಒತ್ತುತ್ತಾಳೆ. ಈಗ ತೋಳಿನ ಮೇಲೆ ಮೂರು ತಟ್ಟೆಗಳಿವೆ: 1, 8 ಮತ್ತು ಎಂಟರ್. ಸಂಖ್ಯೆಯನ್ನು ಓದುವ ‘ಸ್ಕ್ಯಾನ್‌ಎಫ್’ ಮೊದಲ ಎರಡನ್ನು ಇಳಿಸಿಕೊಂಡು ಹದಿನೆಂಟು ಎಂದು ತಿಳಿಯುತ್ತದೆ. ಎಂಟರ್ ಅಂಕಿಯಲ್ಲವಾದ್ದರಿಂದ ಅದನ್ನು ಮುಟ್ಟುವುದಿಲ್ಲ. ಮುಂದೆ ‘ಇನ್ನೊಂದು ಹೆಸರು ಸೇರಿಸಬೇಕೆ?’ ಎಂದು ಕೇಳಿ ‘ಗೆಟ್‌ಚಾರ್’ ಕೈ ಚಾಚುತ್ತದೆ. ಆಗಲೇ ಕಾದಿರುವ ಎಂಟರ್ ಅದರ ಕೈಗೆ ಬೀಳುತ್ತದೆ. ಕೇಳಿದ್ದಕ್ಕೆ ಉತ್ತರ ಬಂತು ಎಂದುಕೊಂಡು ಅದು ಮುಂದೆ ಹೋಗುತ್ತದೆ. ಪ್ರೋಗ್ರಾಮಿಗೆ ದೆವ್ವ ಹಿಡಿದಿಲ್ಲ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದೆ.

ಇದಕ್ಕೆ ಗೆಳೆಯರ ವಲಯದಲ್ಲಿ ಒಂದು ಮನೆಮದ್ದು ಪ್ರಚಾರದಲ್ಲಿದೆ. ‘ಎಫ್‌ಫ್ಲಶ್’ ಎಂಬ ಆಜ್ಞೆಯನ್ನು ಒಳಹರಿವಿನ ಮೇಲೆ ಪ್ರಯೋಗಿಸಿದರೆ ಉಳಿಕೆಯೆಲ್ಲ ಕೊಚ್ಚಿ ಹೋಗುತ್ತದೆ ಎಂಬ ನಂಬಿಕೆ. ‘ಎಫ್‌ಫ್ಲಶ್’ ಇರುವುದು ಹೊರಹರಿವಿಗೆ, ಬರೆದದ್ದನ್ನು ತಡೆಯದೆ ಕಳಿಸಿಬಿಡುವುದಕ್ಕೆ. ಒಳಹರಿವಿಗೆ ಹಾಕಿದರೆ ಏನಾಗಬೇಕೆಂದು ಮಾನಕ ಹೇಳಿಯೇ ಇಲ್ಲ. ಕೆಲವು ಅನುವಾದಕಗಳಲ್ಲಿ ಅದು ಕೆಲಸ ಮಾಡಿತು. ಲಿನಕ್ಸಿನಲ್ಲಿ ಕಾದಿರುವ ಎಂಟರ್ ಕಾದೇ ಇರುತ್ತದೆ.

ನಂಬಬಹುದಾದ ದಾರಿ ಸರಳ. ಮನುಷ್ಯ ಸಾಲುಸಾಲಾಗಿ ಉತ್ತರಿಸುತ್ತಾನೆ. ಪ್ರೋಗ್ರಾಮೂ ಸಾಲುಸಾಲಾಗಿಯೇ ಓದಲಿ. ‘ಎಫ್‌ಗೆಟ್ಸ್’ ಎಂಬ ಫಂಕ್ಷನ್ ಎಂಟರ್ ಸಮೇತ ಇಡೀ ಸಾಲನ್ನು ಒಂದು ಪೆಟ್ಟಿಗೆಗೆ ತುಂಬಿ ಕೊಡುತ್ತದೆ. ಆ ಮೇಲೆ ಪೆಟ್ಟಿಗೆಯೊಳಗಿನಿಂದ ಸಂಖ್ಯೆ ಬೇಕಾದರೆ ಸಂಖ್ಯೆ, ಅಕ್ಷರ ಬೇಕಾದರೆ ಅಕ್ಷರ ಆರಿಸಿಕೊಳ್ಳಬಹುದು. ಯಾವ ತಟ್ಟೆಯೂ ತೋಳಿನ ಮೇಲೆ ಉಳಿಯುವುದಿಲ್ಲ. ಉತ್ತರ ತಪ್ಪಾಗಿದ್ದರೆ ಆ ಸಾಲನ್ನು ಬಿಟ್ಟು ಇನ್ನೊಮ್ಮೆ ಕೇಳಬಹುದು.

ಪಾಸ್‌ವರ್ಡ್ ಭಾಗ ಮುಗಿಯದೆ ಹೋದದ್ದಕ್ಕೂ ಎಂಟರೇ ಕಾರಣ. ಚಿಕ್ಕಪ್ಪನ ಪ್ರೋಗ್ರಾಮು 13 ಎಂಬ ಸಂಖ್ಯೆ ಬರುವವರೆಗೆ ಓದುತ್ತದೆ. ಡಾಸ್‌ನ ‘ಗೆಟ್‌ಚ್’ ಎಂಟರ್ ಕೀಲಿಗೆ ಕೊಡುತ್ತಿದ್ದುದು 13ನ್ನೇ. ಆದರೆ ಮಾನಕ ಹರಿವಿನಲ್ಲಿ ಸಾಲಿನ ಕೊನೆ ಬರುವುದು ‘ಹೊಸ ಸಾಲು’ ಎಂಬ ಗುರುತಾಗಿ. ಸಾಮಾನ್ಯ ಯಂತ್ರಗಳಲ್ಲಿ ಅದರ ಬೆಲೆ 10. ಹುಡುಗಿ ಎಷ್ಟು ಸಲ ಎಂಟರ್ ಒತ್ತಿದರೂ 13 ಬರುವುದೇ ಇಲ್ಲ. ಸಂಖ್ಯೆಯನ್ನು ಬಾಯಿಪಾಠ ಮಾಡಿ ಬರೆಯುವ ಬದಲು ಭಾಷೆ ಕೊಟ್ಟಿರುವ ಹೊಸ ಸಾಲಿನ ಚಿಹ್ನೆಯನ್ನೇ ಬರೆದಿದ್ದರೆ ಈ ತೊಡಕಿಲ್ಲ. ‘ಎ’ಗೆ 65 ಎಂದು ಬರೆಯುವುದೂ ಇದೇ ಜಾತಿಯ ತಪ್ಪು. ಐಬಿಎಂ ದೊಡ್ಡ ಯಂತ್ರಗಳು ಬಳಸುವ ಎಬ್ಸಿಡಿಕ್ ಸಂಕೇತದಲ್ಲಿ ‘ಎ’ 65 ಅಲ್ಲ. ಇಂಗ್ಲಿಷ್ ಅಕ್ಷರಗಳು ಒಂದರ ಪಕ್ಕ ಒಂದು ಕೂತೂ ಇಲ್ಲ, ‘ಐ’ ಆದ ಮೇಲೆ ಮತ್ತು ‘ಆರ್’ ಆದ ಮೇಲೆ ನಡುವೆ ಖಾಲಿ ಜಾಗಗಳಿವೆ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು ಮಾತ್ರ ಎಲ್ಲ ಕಡೆಯೂ ಸಾಲಾಗಿರುತ್ತವೆಂದು ಮಾನಕ ಭರವಸೆ ಕೊಡುತ್ತದೆ.

ಅಕ್ಷರಕ್ಕೆ ದೊಡ್ಡ ಡಬ್ಬಿ ಏಕೆ?

ಮೌಖಿಕ ಪರೀಕ್ಷೆಯಲ್ಲಿ ಮೇಷ್ಟರು ಕೇಳಲು ಇಷ್ಟಪಡುವ ಪ್ರಶ್ನೆ ಒಂದಿದೆ. ‘ಗೆಟ್‌ಚಾರ್’ ತರುವುದು ಅಕ್ಷರವನ್ನು. ಅದನ್ನು ‘ಚಾರ್’ ಎಂಬ ಅಕ್ಷರದ ಡಬ್ಬಿಯಲ್ಲಿ ಇಡದೆ ‘ಇಂಟ್’ ಎಂಬ ಪೂರ್ಣಾಂಕದ ಡಬ್ಬಿಯಲ್ಲಿ ಏಕೆ ಇಡಬೇಕು?

ಬೈಟು ಎಂಟು ಬಿಟ್‌ಗಳದ್ದು. 0ಯಿಂದ 255ರವರೆಗೆ 256 ಬೆಲೆಗಳು. ಇವಿಷ್ಟೂ ನಿಜವಾದ ಮಾಹಿತಿಯಾಗಿ ಬರಬಹುದಾದವು. ಇವುಗಳ ಜೊತೆಗೆ ‘ಇನ್ನು ಏನೂ ಇಲ್ಲ, ಮುಗಿಯಿತು’ ಎಂದು ಹೇಳಲು 257ನೆಯ ಒಂದು ಬೆಲೆ ಬೇಕು. ಅದೇ ‘ಇಒಎಫ್’. ಅದೊಂದು ಋಣಸಂಖ್ಯೆ, ಸಾಮಾನ್ಯವಾಗಿ ‑1. ಚಿಕ್ಕ ಡಬ್ಬಿಯಲ್ಲಿ 257 ಬೆಲೆಗಳಿಗೆ ಜಾಗವಿಲ್ಲ.

ಜಾಗವಿಲ್ಲದ ಕಡೆ ತುರುಕಿದರೆ ಏನಾಗುತ್ತದೆ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ‘ಚಾರ್’ ಋಣಸಂಖ್ಯೆಯನ್ನು ಹಿಡಿಯಬೇಕೋ ಬೇಡವೋ ಎಂಬುದನ್ನು ಭಾಷೆ ಅನುವಾದಕದ ಇಷ್ಟಕ್ಕೆ ಬಿಟ್ಟಿದೆ. ಸಾಧಾರಣ ಪಿಸಿಗಳಲ್ಲಿ ಅದು ಋಣಸಂಖ್ಯೆ ಹಿಡಿಯುತ್ತದೆ. ಆಗ 255 ಎಂಬ ಬೈಟು ‑1ರಂತೆ ಕಂಡು, ಕಡತದ ನಡುವೆಯೇ ‘ಮುಗಿಯಿತು’ ಎಂದು ಪ್ರೋಗ್ರಾಮು ಎದ್ದು ಹೋಗುತ್ತದೆ. ಎಆರ್‌ಎಂ ಜಾತಿಯ ಚಿಪ್ಪಿರುವ ಲಿನಕ್ಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಋಣಸಂಖ್ಯೆಗೆ ಎಡೆಯಿಲ್ಲ. ಆಗ ‑1 ಎಂಬುದು 255 ಆಗಿ ಬದಲಾಗಿ, ‘ಮುಗಿಯಿತು’ ಎಂಬ ಸುದ್ದಿ ಮುಟ್ಟದೆ ಪ್ರೋಗ್ರಾಮು ಕೊನೆಯಿಲ್ಲದೆ ಸುತ್ತುತ್ತದೆ. ಒಂದೇ ಪ್ರೋಗ್ರಾಮು, ಒಂದು ಕಡೆ ಅಲ್ಪಾಯುಷಿ, ಇನ್ನೊಂದು ಕಡೆ ಚಿರಂಜೀವಿ. ದೊಡ್ಡ ಡಬ್ಬಿ ತೆಗೆದುಕೊಂಡರೆ ಎರಡೂ ಕಡೆ ಸರಿ.

ಡಬ್ಬಿಯ ಅಳತೆ ನೋಡದೆ ತುಂಬುವುದರ ಪರಿಣಾಮ ಇದಕ್ಕಿಂತ ಘೋರವಾಗಿಯೂ ಇರಬಹುದು. ಹಳೆಯ ರೆಕಾರ್ಡುಗಳಲ್ಲಿ ಧಾರಾಳವಾಗಿ ಕಾಣುವ ‘ಗೆಟ್ಸ್’ ಎಂಬ ಫಂಕ್ಷನ್ ಸಾಲನ್ನು ಓದುತ್ತದೆ, ಆದರೆ ಪೆಟ್ಟಿಗೆ ಎಷ್ಟು ದೊಡ್ಡದೆಂದು ಕೇಳುವುದೇ ಇಲ್ಲ. ತುಂಬಿದ ಮೇಲೂ ಸುರಿಯುತ್ತಲೇ ಇರುತ್ತದೆ. 1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮೋರಿಸ್ ಬಿಟ್ಟ ‘ಹುಳು’ ಅಂತರಜಾಲದ ಯಂತ್ರಗಳಿಗೆ ನುಗ್ಗಲು ಬಳಸಿದ ದಾರಿಗಳಲ್ಲಿ ಇದೂ ಒಂದು. 512 ಬೈಟುಗಳ ಪೆಟ್ಟಿಗೆಗೆ ಅದಕ್ಕಿಂತ ಉದ್ದದ ಸಾಲನ್ನು ಕಳಿಸಿ, ಉಕ್ಕಿದ ಭಾಗದಲ್ಲಿ ತನ್ನ ಆಜ್ಞೆಗಳನ್ನು ಬಚ್ಚಿಟ್ಟಿತ್ತು. ಆಗ ಹೊಡೆತಕ್ಕೆ ಸಿಕ್ಕಿದ ಯಂತ್ರಗಳು ಸುಮಾರು 6,000 ಎಂಬ ಅಂದಾಜು ಪ್ರಸಿದ್ಧವಾಗಿದೆ. ಕೊನೆಗೆ 2011ರ ಸಿ ಮಾನಕದಿಂದ ‘ಗೆಟ್ಸ್’ ಅನ್ನು ತೆಗೆದೇ ಹಾಕಿದರು. ‘ಎಫ್‌ಗೆಟ್ಸ್’ ಹಾಗಲ್ಲ, ಪೆಟ್ಟಿಗೆಯ ಅಳತೆಯನ್ನು ಮೊದಲೇ ಕೇಳಿಕೊಂಡು ಅಷ್ಟಕ್ಕೇ ನಿಲ್ಲುತ್ತದೆ.

ಕನ್ನಡದ ಅಕ್ಷರ ಬಂದಾಗ

ಹುಡುಗಿ ಇಷ್ಟನ್ನೂ ಸರಿಪಡಿಸಿಕೊಂಡಳು ಎಂದುಕೊಳ್ಳಿ. ಪ್ರೋಗ್ರಾಮು ಹೆಸರು ಕೇಳುತ್ತದೆ, ಬಡಾವಣೆ ಕೇಳುತ್ತದೆ, ಚೀಟಿ ತಯಾರಿಸುತ್ತದೆ. ಬಡಾವಣೆಗೆ 20 ಬೈಟುಗಳ ಪೆಟ್ಟಿಗೆ. ಇಂಗ್ಲಿಷಿನಲ್ಲಿ ಊರು, ಬೀದಿ ಏನು ಬರೆದರೂ ಸರಾಗ. ಅಜ್ಜಿ ಪಕ್ಕದಲ್ಲಿ ಕೂತು ‘ಕನ್ನಡದಲ್ಲಿ ಬರೆಯೇ’ ಎನ್ನುತ್ತಾಳೆ. ಹುಡುಗಿ ‘ಬಸವನಗುಡಿ’ ಎಂದು ಟೈಪು ಮಾಡುತ್ತಾಳೆ. ಚೀಟಿಯಲ್ಲಿ ಬರುವುದು ‘ಬಸವನಗು’, ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಅಥವಾ ಖಾಲಿ ಚೌಕ. ಕಣ್ಣಿಗೆ ಕಾಣುವುದು ಆರು ಅಕ್ಷರ, ಪೆಟ್ಟಿಗೆ ಇಪ್ಪತ್ತರದ್ದು. ಆದರೂ ಹಿಡಿಸಲಿಲ್ಲ.

ಯೂನಿಕೋಡ್ ಎಂಬ ವಿಶ್ವ ಅಕ್ಷರಪಟ್ಟಿಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಸ್ಥಾನ ಸಿಕ್ಕಿತು. ಆ ಪಟ್ಟಿಯ ಸಂಕೇತಗಳನ್ನು ಬೈಟುಗಳಾಗಿ ಕಳಿಸುವ ಯುಟಿಎಫ್-8 ಎಂಬ ವಿಧಾನವನ್ನು ಯುನಿಕ್ಸ್ ನಿರ್ಮಾತೃಗಳಲ್ಲಿ ಒಬ್ಬನಾದ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರ ಸೆಪ್ಟೆಂಬರಿನಲ್ಲಿ ರೂಪಿಸಿದರು. ಅದೂ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ, ಊಟದ ಮೇಜಿನ ಕಾಗದದ ಹಾಸಿನ ಮೇಲೆ. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ‘ಕ’ ಎಂಬ ಒಂದು ಅಕ್ಷರವನ್ನು ‘ಗೆಟ್‌ಚಾರ್’ ಮೂರು ಕಂತಿನಲ್ಲಿ ತರುತ್ತದೆ: 224, 178, 149. ಗುಣಿತಾಕ್ಷರ, ಒತ್ತಕ್ಷರಗಳಲ್ಲಿ ಸಂಕೇತಗಳೇ ಒಂದಕ್ಕಿಂತ ಹೆಚ್ಚು. ‘ಗುಡಿ’ಯಲ್ಲಿ ಗ, ಉಕಾರ, ಡ, ಇಕಾರ ಎಂದು ನಾಲ್ಕು.

ಲೆಕ್ಕ ಹಾಕಿ ನೋಡಿ. ಬಸವನಗುಡಿ ಎಂಬುದರಲ್ಲಿ 8 ಸಂಕೇತ, 24 ಬೈಟು. ಮಲ್ಲೇಶ್ವರ ಕಣ್ಣಿಗೆ ನಾಲ್ಕೇ ಅಕ್ಷರ, ಆದರೆ 9 ಸಂಕೇತ, 27 ಬೈಟು. ಚಾಮರಾಜಪೇಟೆ 10 ಸಂಕೇತ, 30 ಬೈಟು. ಇದರ ಮೇಲೆ ಪದದ ಕೊನೆಯ ಗುರುತಾದ ಸೊನ್ನೆಗೆ ಇನ್ನೊಂದು. 20 ಬೈಟುಗಳ ಪೆಟ್ಟಿಗೆಯಲ್ಲಿ ಸೊನ್ನೆಗೆ ಒಂದು ಬಿಟ್ಟರೆ ಉಳಿದದ್ದು 19. ಆರು ಸಂಕೇತಗಳಿಗೆ 18 ಸರಿಹೋಗಿ, ಏಳನೆಯದರ ಮೂರನೆಯ ಒಂದು ಭಾಗ ಮಾತ್ರ ಒಳಗೆ ಬಂತು. ಆ ತುಂಡೇ ಚೀಟಿಯ ಖಾಲಿ ಚೌಕ. ಮಿಕ್ಕ ತುಂಡುಗಳು ಹರಿವಿನಲ್ಲೇ ಉಳಿದು ಮುಂದಿನ ಪ್ರಶ್ನೆಯ ಉತ್ತರಕ್ಕೆ ಅಂಟಿಕೊಳ್ಳುತ್ತವೆ.

ಇಲ್ಲಿ ಕೀಲಿಮಣೆಯ ಕತೆಯೂ ಸೇರುತ್ತದೆ. ಕನ್ನಡದ ನೂರಾರು ಗುಣಿತ, ಒತ್ತಕ್ಷರಗಳನ್ನು ಇಂಗ್ಲಿಷಿನ ಕೆಲವೇ ಕೀಲಿಗಳಿಂದ ಮೂಡಿಸುವುದು ಹೇಗೆ ಎಂಬುದಕ್ಕೆ ತರ್ಕಬದ್ಧ ಉತ್ತರ ಕೊಟ್ಟವರು ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್. ವ್ಯಂಜನದ ಕೀಲಿ, ಅದರ ಮೇಲೆ ಸ್ವರದ ಕೀಲಿ. ಒತ್ತು ಬೇಕಾದರೆ ನಡುವೆ ‘ಎಫ್’ ಕೀಲಿ. ಅಕ್ಷರ ಜೋಡಿಸುವ ಹೊಣೆ ಯಂತ್ರದ್ದು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶ ಇದೇ ವಿನ್ಯಾಸವನ್ನು ಆಧರಿಸಿತು. ಕರ್ನಾಟಕ ಸರ್ಕಾರ ಇದನ್ನೇ ಅಧಿಕೃತವೆಂದು ಒಪ್ಪಿತು. ರಾವ್ ಅವರಿಗೆ 2013ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. ಈ ವಿನ್ಯಾಸದಲ್ಲಿ ‘ಮಲ್ಲೇಶ್ವರ’ ಬರೆಯಲು ಬೇಕಾದ ಅಕ್ಷರಕೀಲಿಗಳು ಒಂಬತ್ತು. ಯೂನಿಕೋಡ್ ಸಂಕೇತಗಳೂ ಒಂಬತ್ತು. ಕೀಲಿ ಒಂಬತ್ತು, ಬೈಟು ಇಪ್ಪತ್ತೇಳು, ಕಣ್ಣಿಗೆ ಕಾಣುವ ಅಕ್ಷರ ನಾಲ್ಕು. ‘ಒಂದು ಕೀಲಿ ಎಂದರೆ ಒಂದು ಅಕ್ಷರ, ಒಂದು ಅಕ್ಷರ ಎಂದರೆ ಒಂದು ಬೈಟು’ ಎಂಬ ನೀಲಿ ಪರದೆಯ ಕಾಲದ ಸಮೀಕರಣ ಕನ್ನಡದ ಮುಂದೆ ನಿಲ್ಲುವುದೇ ಇಲ್ಲ.

ಲ್ಯಾಬಿನ ಇನ್ನೊಂದು ಮೆಚ್ಚಿನ ಪ್ರೋಗ್ರಾಮು ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂದು ಎಣಿಸುವುದು. ಅಕ್ಷರವನ್ನು ‘ಚಾರ್’ ಡಬ್ಬಿಯಲ್ಲಿಟ್ಟರೆ ಕನ್ನಡದ 224 ಎಂಬ ಬೈಟು ಪಿಸಿಯಲ್ಲಿ ‑32 ಆಗುತ್ತದೆ. ಪಟ್ಟಿಯ ‑32ನೆಯ ಮನೆ ಎಂದರೆ ಪಕ್ಕದ ಮನೆಯವರ ಅಂಗಳ. ಪ್ರೋಗ್ರಾಮು ಅಲ್ಲಿ ಹೋಗಿ ಎಣಿಕೆ ಬರೆಯುತ್ತದೆ; ಮುಂದೆ ಏನು ಕೆಡುತ್ತದೆ ಎಂದು ಹೇಳಲಾಗದು. ಬೈಟಿನ ಬದಲು ಯೂನಿಕೋಡ್ ಸಂಕೇತವನ್ನೇ ಓದಲು ಸಿ ಮಾನಕಕ್ಕೆ 1995ರಲ್ಲಿ ಸೇರಿದ ‘ಅಗಲ ಅಕ್ಷರ’ದ ಫಂಕ್ಷನ್‌ಗಳಿವೆ. ಅವೂ ಒಂದು ಸಲಕ್ಕೆ ಒಂದು ಸಂಕೇತವನ್ನು ಕೊಡುತ್ತವೆಯೇ ಹೊರತು ‘ಲ್ಲೇ’ ಎಂಬ ಇಡೀ ಅಕ್ಷರವನ್ನಲ್ಲ. ಅದನ್ನು ಕೂಡಿಸಿ ನೋಡುವ ವಿವೇಕ ಪ್ರೋಗ್ರಾಮು ಬರೆಯುವವರದ್ದು.

ಒಂದೇ ಕೀಲಿ ಬೇಕೇ ಬೇಕಾದರೆ

ಎಂಟರ್ ಕಾಯದೆ ಕೀಲಿ ಬೇಕಾಗುವ ಸಂದರ್ಭಗಳೂ ಇವೆ. ಹಾವಿನ ಆಟದಲ್ಲಿ ಬಾಣದ ಕೀಲಿ ಒತ್ತಿ, ಎಂಟರ್ ಒತ್ತುವಷ್ಟರಲ್ಲಿ ಹಾವು ಗೋಡೆಗೆ ಬಡಿದಿರುತ್ತದೆ. ಆಗ ವ್ಯವಸ್ಥೆಯ ಬಾಗಿಲನ್ನು ತಟ್ಟಲೇಬೇಕು. ಯುನಿಕ್ಸ್ ಬಳಗದಲ್ಲಿ ‘ಟರ್ಮಿಯೋಸ್’ ಎಂಬ ಏರ್ಪಾಡಿನ ಮೂಲಕ ಸಾಲು ಪೇರಿಸುವ ಪದ್ಧತಿಯನ್ನೂ ಪರದೆಯ ಮೇಲೆ ಮೂಡಿಸುವ ಪದ್ಧತಿಯನ್ನೂ ತಾತ್ಕಾಲಿಕವಾಗಿ ನಿಲ್ಲಿಸಬಹುದು. ವಿಂಡೋಸ್‌ನಲ್ಲಿ ಹಳೆಯ ‘ಗೆಟ್‌ಚ್’ ಹೆಸರಿನ ಮುಂದೆ ಅಡಿಗೆರೆ ಹೊತ್ತು ಇಂದಿಗೂ ಇದೆ.

ಎರಡರ ನಡತೆಯೂ ಬೇರೆ. ಮೇಲಿನ ಬಾಣ ಒತ್ತಿದರೆ ಡಾಸ್‌ನಲ್ಲಿ ಮೊದಲು 0, ಆಮೇಲೆ 72 ಬರುತ್ತಿತ್ತು. ಯುನಿಕ್ಸ್ ಬಳಗದಲ್ಲಿ ಸಾಮಾನ್ಯವಾಗಿ ಬರುವುದು ಎಸ್ಕೇಪ್, ಚೌಕ ಆವರಣ, ‘ಎ’ ಎಂಬ ಮೂರು ಬೈಟು. ಆದ್ದರಿಂದ ಅನುಭವಿಗಳು ಮಾಡುವುದು ಇಷ್ಟು: ‘ಒಂದು ಕೀಲಿ ಕೊಡು’ ಎಂಬ ತಮ್ಮದೇ ಒಂದು ಫಂಕ್ಷನ್ ಮಾಡಿ, ಯಂತ್ರಕ್ಕೆ ಅಂಟಿದ ತಾಪತ್ರಯಗಳನ್ನೆಲ್ಲ ಒಂದೇ ಸಣ್ಣ ಕಡತದಲ್ಲಿ ಕೂಡಿಹಾಕುತ್ತಾರೆ. ವಿಂಡೋಸಿಗೆ ಒಂದು, ಯುನಿಕ್ಸಿಗೆ ಒಂದು. ಉಳಿದ ಪ್ರೋಗ್ರಾಮು ಶುದ್ಧ ಮಾನಕ ಸಿಯಲ್ಲೇ ಇರುತ್ತದೆ. ಹೊಸ ಯಂತ್ರ ಬಂದರೆ ಬದಲಾಗುವುದು ಆ ಕಡತ ಮಾತ್ರ. ಒಂದು ಎಚ್ಚರ: ಹೊರಡುವಾಗ ಟರ್ಮಿನಲ್ಲನ್ನು ಮೊದಲಿದ್ದ ಸ್ಥಿತಿಗೆ ತರಬೇಕು. ತರದೆ ಹೋದರೆ ಆಮೇಲೆ ಒತ್ತಿದ್ದೇನೂ ಪರದೆಯ ಮೇಲೆ ಕಾಣುವುದಿಲ್ಲ. ಹಾಗಾದಾಗ ಗಾಬರಿಯಾಗದೆ, ಕಾಣದಿದ್ದರೂ ‘ಎಸ್‌ಟಿಟಿವೈ ಸೇನ್’ ಎಂಬ ಆಜ್ಞೆಯನ್ನು ಟೈಪು ಮಾಡಿ ಎಂಟರ್ ಒತ್ತಿದರೆ ಸಾಮಾನ್ಯವಾಗಿ ಜೀವ ಬರುತ್ತದೆ.

ಪರೀಕ್ಷೆಗೆ ಕೂರುವ ಹುಡುಗಿಗೆ ಬೇಕಾದದ್ದು ಇಷ್ಟೆಲ್ಲ ಅಲ್ಲ, ನಾಲ್ಕೇ ಮಾತು. ಕೊನಿಯೊ ಬಿಡಿ. ಸಾಲಾಗಿ ಓದಿ, ಆಮೇಲೆ ಬಿಡಿಸಿ. ಅಕ್ಷರವನ್ನು ‘ಇಂಟ್’ನಲ್ಲಿ ಹಿಡಿದು ‘ಇಒಎಫ್’ಗಾಗಿ ನೋಡಿ. ಪೆಟ್ಟಿಗೆಯನ್ನು ಇಂಗ್ಲಿಷಿಗಲ್ಲ, ಕನ್ನಡಕ್ಕೆ ಅಳೆದು ಕೊಳ್ಳಿ.

ಕೊನೆಯ ಮಾತು ಪರೀಕ್ಷೆಯ ಆಚೆಗೂ ಸಲ್ಲುತ್ತದೆ. ಇಂದು ಲ್ಯಾಬಿನಲ್ಲಿ 20 ಎಂದು ಬರೆದ ಕೈ ನಾಳೆ ಯಾವುದೋ ಅರ್ಜಿಯ, ಪಡಿತರದ, ಪಿಂಚಣಿಯ ಪ್ರೋಗ್ರಾಮಿನಲ್ಲೂ 20 ಎಂದೇ ಬರೆಯುತ್ತದೆ. ಆಗ ಕತ್ತರಿಸಿ ಹೋಗುವುದು ಲ್ಯಾಬಿನ ಉದಾಹರಣೆಯಲ್ಲ, ಯಾರದೋ ಹೆಸರು. ಆ ಹೆಸರು ದಾಖಲೆಗೆ ತಾಳೆಯಾಗದೆ ಕೌಂಟರಿನ ಮುಂದೆ ನಿಲ್ಲುವವರು ಹುಡುಗಿಯ ಅಜ್ಜಿಯಂಥವರು. ಹುಡುಗಿ 20 ಎಂಬುದನ್ನು ಹೊಡೆದು 200 ಎಂದು ಬರೆದು ಮತ್ತೆ ಓಡಿಸುತ್ತಾಳೆ. ಚೀಟಿಯಲ್ಲಿ ಬಸವನಗುಡಿ ಇಡಿಯಾಗಿ ಬರುತ್ತದೆ. ಚಿಕ್ಕಪ್ಪನ ರೆಕಾರ್ಡು ಮತ್ತೆ ಟ್ರಂಕು ಸೇರುತ್ತದೆ, ಆದರೆ ಈ ಬಾರಿ ಅದರ ಅಂಚಿನಲ್ಲಿ ಪೆನ್ಸಿಲಿನ ಹೊಸ ಟಿಪ್ಪಣಿ ಇದೆ.